ಬಚ್ಚಲ ನೀರು ಹೋದ ದಾರಿ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲಿಗೆ ಪೈಪ್ ಇರಲಿಲ್ಲ. ಆದರೆ ಮಿಂದ ನೀರು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕ ಇತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಬಚ್ಚಲು ಕೊಟ್ಟಿಗೆ ಮನೆಯಿಂದ ಹೊರಗೆ, ಬಾವಿಯಿಂದ ನೀರು ಹೊರಲು ಸುಲಭವಾಗುವಲ್ಲಿ ಇರುತ್ತಿತ್ತು. ಒಲೆಗೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಒಣ ಮಡಲಿನ ಬೆಂಕಿ. ನೀರು ಕಲ್ಲಿನ ಸಂದಿಯಿಂದ ಹೊರಬಿದ್ದು ಕಣಿ ಹಿಡಿದು ತೆಂಗಿನ ಬುಡಕ್ಕೆ, ಬಾಳೆಗೆ, ಬಸಳೆ ಚಪ್ಪರಕ್ಕೆ ಹೋಗುತ್ತಿತ್ತು. ಪತ್ರೊಡೆಗೆ ಕೆಸು ಬೇಕಾದರೆ ಮೊದಲು ನೋಡುತ್ತಿದ್ದದ್ದು ಬಚ್ಚಲಿನ ಹಿಂದೆ. ಸೀಗೆ, ಅಂಟುವಾಳದ ನೀರು ಗಿಡಕ್ಕೆ ಕೆಡುಕು ಮಾಡುತ್ತಿರಲಿಲ್ಲ.

ಇದು ಜಾಗ ಇದ್ದವರ ಕಥೆ. ಕೂಲಿ ಮನೆಗಳ ಹೆಂಗಸರು ಮಡಲಿನ ತಟ್ಟಿಯ ಮರೆಯಲ್ಲಿ, ಕತ್ತಲಾದ ಮೇಲೆ ಮೀಯುತ್ತಿದ್ದರು. ಉಳಿದದ್ದಕ್ಕೆ ಗುಡ್ಡೆ. 'ಗುಡ್ಡೆಗೆ ಹೋಗುವುದು' ಎಂಬ ಮಾತಿನ ಅರ್ಥ ನಮ್ಮ ಓದುಗರಿಗೆ ಹೇಳಬೇಕಿಲ್ಲ. 1974ರ ಭೂಸುಧಾರಣೆಯ ನಂತರ ಗೇಣಿದಾರರ ಹೆಸರಿಗೆ ಜಾಗ ಬಂತು. 'ಡಿಕ್ಲರೇಶನ್' ಆದ ಜಾಗದಲ್ಲಿ ಸ್ವಂತ ಬಾವಿ, ಸ್ವಂತ ಬಚ್ಚಲು ಕಟ್ಟಲು ಧಣಿಯನ್ನು ಕೇಳಬೇಕಾಗಿರಲಿಲ್ಲ. ಬಚ್ಚಲಿನ ಚರಿತ್ರೆಯಲ್ಲಿ ಟೈಲ್ಸಿಗಿಂತ ದೊಡ್ಡ ಬದಲಾವಣೆ ಇದೇ ಎಂದು ನಮಗೆ ಅನಿಸುತ್ತದೆ.

ಪಾಯಿಖಾನೆ ಬಂದದ್ದು ನಿಧಾನವಾಗಿ. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರ ಸ್ವಚ್ಛ ಭಾರತ ಅದನ್ನು ಮನೆಮನೆಗೆ ತಂದವು. ಆಮೇಲೆ ಅದು ಮನೆಯೊಳಗೇ ಬಂತು, 'ಅಟ್ಯಾಚ್ಡ್' ಆಯಿತು. ವಾಸನೆ ಬಾರದಂತೆ ತಡೆದದ್ದು ಪೈಪಿನ ಒಂದು ಬಾಗು. ಅದರಲ್ಲಿ ಸದಾ ನಿಲ್ಲುವ ಸ್ವಲ್ಪ ನೀರೇ ಬಾಗಿಲು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನೆಲದ ತೂತಿಗೆ ಹಾಕುವ 'ನಾನಿ ಟ್ರ್ಯಾಪ್' ಅಂಗಡಿಯಲ್ಲಿ ಸಿಗುತ್ತದಲ್ಲ, ಅದಕ್ಕೂ ನಾನಿಗೂ ಸಂಬಂಧವಿಲ್ಲ. ಮರಾಠಿಯಲ್ಲಿ 'ನ್ಹಾಣಿ' ಎಂದರೆ ಬಚ್ಚಲು.

ತೊಂದರೆ ಈಗ ಮನೆಯ ಹೊರಗಿದೆ. ಐದು ಸೆಂಟ್ಸಿನಲ್ಲಿ ಮನೆ, ಬಾವಿ, ಗುಂಡಿ ಎಲ್ಲವೂ ಆಗಬೇಕು. ನಮ್ಮ ಮುರಕಲ್ಲಿನಲ್ಲಿ ತೂತು, ಬಿರುಕು ಜಾಸ್ತಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಜುಲೈಯಲ್ಲಿ ಬಾವಿ ನೀರು ಮೇಲೇರುವಾಗ ಗುಂಡಿಯ ನೀರು ಇಂಗುವುದಿಲ್ಲ. ಅದು ಪೈಪಿನಲ್ಲಿ ಹಿಂದಕ್ಕೆ ಬರುತ್ತದೆ, ಇಲ್ಲವೇ ಬಾವಿಯ ಕಡೆ ಜಿನುಗುತ್ತದೆ. ಆ ಬಾವಿ ಪಕ್ಕದ ಮನೆಯದ್ದೂ ಆಗಿರಬಹುದು. ಬಂಟ್ವಾಳದವರಿಗೆ ಇನ್ನೂ ಒಂದು ಮಾತು: ನೇತ್ರಾವತಿಯಲ್ಲಿ ಸ್ವಲ್ಪ ಕೆಳಗೆ ತುಂಬೆ ಅಣೆಕಟ್ಟಿದೆ, ಮಂಗಳೂರು ಕುಡಿಯುವುದು ಅದೇ ನೀರನ್ನು.

ಹೊಸ ಮನೆ ಕಟ್ಟುವವರು ಗುಂಡಿಯನ್ನು ಬಾವಿಯಿಂದ ಆದಷ್ಟು ದೂರ, ಬಾವಿಗಿಂತ ತಗ್ಗಿನಲ್ಲಿ ತೋಡಿಸಿ. ಪಕ್ಕದ ಮನೆಯ ಬಾವಿಯನ್ನೂ ಅಳೆಯಿರಿ. ಪಾಯಿಖಾನೆಯ ನಾಲ್ಕು ಇಂಚಿನ ಪೈಪಿಗೆ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಸಾಕು. ತಿರುವಿನಲ್ಲಿ ಚೇಂಬರ್ ಬೇಕು, ಗಾಳಿಗೆ ಮಾಡಿನ ಮೇಲೆ ಹೋಗುವ ಪೈಪ್ ಬೇಕು. ಮೀಯುವ ನೀರಿನ ಪೈಪನ್ನು ಬೇರೆಯೇ ಇಟ್ಟು ತೆಂಗು, ಬಾಳೆಯ ಬುಡಕ್ಕೆ ಬಿಟ್ಟರೆ ಗುಂಡಿ ಬೇಗ ತುಂಬುವುದಿಲ್ಲ. ಸೋಪಿನ ನೀರನ್ನು ಒಂದೇ ಬುಡಕ್ಕೆ ದಿನವೂ ಬಿಡಬೇಡಿ, ಆಗಾಗ ಕಣಿ ತಿರುಗಿಸಿ. ಕಾಂಕ್ರೀಟ್ ಹಾಕುವ ಮೊದಲು ಪೈಪಿನ ಪಕ್ಕ ಟೇಪ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಬ್ಲಾಕ್ ಆದಾಗ ಎಲ್ಲಿ ಒಡೆಯಬೇಕೆಂದು ಪ್ಲಂಬರಿಗೆ ಅದೇ ತೋರಿಸುತ್ತದೆ.