ನಾಸಿಕ್-ಛತ್ರಪತಿ ಸಂಭಾಜಿನಗರ: ಎಲ್ಲಿ ಜೀವನ ಮಟ್ಟ ಮೇಲು? ಇಗತಪುರಿ ಹೇಳುವ ಪಾಠವೇನು?

ಇಗತಪುರಿ: ಎರಡು ದೇಶಗಳ ಜೀವನ ಮಟ್ಟ ಹೋಲಿಸುವಾಗ ಮೊದಲು ನೋಡುವುದು ತಲಾ ಆದಾಯವನ್ನು. ಎರಡು ಜಿಲ್ಲೆಗಳ ವಿಚಾರದಲ್ಲೂ ಅಷ್ಟೇ. ಆದರೆ ಆದಾಯ ಹೆಚ್ಚಿದ್ದ ಮಾತ್ರಕ್ಕೆ ಎಲ್ಲರ ಬದುಕೂ ಚೆನ್ನಾಗಿದೆ ಎನ್ನಲಾಗದು. ಇದಕ್ಕೆ ಒಳ್ಳೆಯ ಉದಾಹರಣೆ ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಜಿಲ್ಲೆಗಳು. ಎರಡೂ ಗೋದಾವರಿ ಕಣಿವೆಯಲ್ಲೇ ಇವೆ. ನಾಸಿಕ್ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಇಗತಪುರಿ ತಾಲೂಕನ್ನು ಸೇರಿಸಿಕೊಂಡು ನೋಡಿದರೆ ಲೆಕ್ಕಾಚಾರವೇ ಬದಲಾಗುತ್ತದೆ. ಆ ಕುರಿತ ಮಾಹಿತಿ ಇಲ್ಲಿದೆ.

ಜೀವನ ಮಟ್ಟ ಅಳೆಯುವುದು ಹೇಗೆ?

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಿಂದ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಪ್ರಕಟಿಸುತ್ತಿದೆ. ಆರೋಗ್ಯ, ಶಿಕ್ಷಣ ಮತ್ತು ಆದಾಯ ಇದರ ಮೂರು ಆಧಾರಗಳು. ಆದಾಯವೊಂದೇ ಏಕೆ ಸಾಲದು ಎಂಬುದಕ್ಕೆ ಆಫ್ರಿಕಾದ ಎರಡು ದೇಶಗಳನ್ನು ನೋಡಬಹುದು. ಈಕ್ವಟೋರಿಯಲ್ ಗಿನಿ 1990ರ ದಶಕದಲ್ಲಿ ತೈಲದಿಂದ ದಿಢೀರ್ ಶ್ರೀಮಂತವಾಯಿತು. ದ್ವೀಪ ರಾಷ್ಟ್ರ ಕೇಪ್ ವರ್ಡಿಗೆ ಅಂತಹ ತೈಲ ಸಂಪತ್ತಿಲ್ಲ, ತಲಾ ಆದಾಯವೂ ಕಡಿಮೆ. ಆದರೂ ಕೇಪ್ ವರ್ಡಿಯ ಜನರ ಸರಾಸರಿ ಆಯಸ್ಸು ಹತ್ತು ವರ್ಷಕ್ಕೂ ಹೆಚ್ಚು!

ಭಾರತದಲ್ಲಿ ನೀತಿ ಆಯೋಗವು ಬಹು ಆಯಾಮದ ಬಡತನ ಸೂಚ್ಯಂಕವನ್ನು ಸಿದ್ಧಪಡಿಸುತ್ತದೆ. ಪೌಷ್ಟಿಕತೆ, ಶಾಲಾ ಹಾಜರಾತಿ, ಕುಡಿಯುವ ನೀರು, ಶೌಚಾಲಯ, ಅಡುಗೆ ಇಂಧನ, ಮನೆ, ಬ್ಯಾಂಕ್ ಖಾತೆ ಸೇರಿ 12 ಅಂಶಗಳನ್ನು ಇದರಲ್ಲಿ ಪರಿಗಣಿಸಲಾಗುತ್ತದೆ. 2023ರ ವರದಿಯ ಪ್ರಕಾರ ದೇಶದಲ್ಲಿ ಇಂತಹ ಬಡತನದಲ್ಲಿರುವವರ ಪ್ರಮಾಣ ಶೇ. 24.85ರಿಂದ ಶೇ. 14.96ಕ್ಕೆ ಇಳಿದಿದೆ.

ಅಂಕಿ-ಅಂಶ ಏನು ಹೇಳುತ್ತದೆ?

2011ರ ಜನಗಣತಿಯಂತೆ ಎರಡೂ ಜಿಲ್ಲೆಗಳ ಹೋಲಿಕೆ ಹೀಗಿದೆ:

* ಜನಸಂಖ್ಯೆ: ನಾಸಿಕ್ ಸುಮಾರು 61 ಲಕ್ಷ, ಔರಂಗಾಬಾದ್ ಸುಮಾರು 37 ಲಕ್ಷ
* ಒಟ್ಟು ಸಾಕ್ಷರತೆ: ನಾಸಿಕ್ ಶೇ. 82, ಔರಂಗಾಬಾದ್ ಶೇ. 79
* ಪುರುಷರ ಸಾಕ್ಷರತೆ: ನಾಸಿಕ್ ಶೇ. 88, ಔರಂಗಾಬಾದ್ ಶೇ. 87
* ಮಹಿಳೆಯರ ಸಾಕ್ಷರತೆ: ನಾಸಿಕ್ ಶೇ. 76, ಔರಂಗಾಬಾದ್ ಶೇ. 70
* ಪರಿಶಿಷ್ಟ ಪಂಗಡದವರು: ನಾಸಿಕ್ ಶೇ. 25ಕ್ಕೂ ಹೆಚ್ಚು, ಔರಂಗಾಬಾದ್ ಶೇ. 4ರಷ್ಟು

ಪುರುಷರ ಸಾಕ್ಷರತೆಯಲ್ಲಿ ಎರಡೂ ಜಿಲ್ಲೆಗಳು ಹೆಚ್ಚು ಕಡಿಮೆ ಸಮ. ಮಹಿಳೆಯರ ವಿಚಾರಕ್ಕೆ ಬಂದಾಗ ಅಂತರ ಎದ್ದು ಕಾಣುತ್ತದೆ. ಒಟ್ಟು ಸರಾಸರಿಯನ್ನಷ್ಟೇ ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಉದ್ಯೋಗದಲ್ಲಿ ಎರಡೂ ಕಡೆ ಬಲವಿದೆ. ನಾಸಿಕ್‌ನಲ್ಲಿ ನೋಟು ಮುದ್ರಣಾಲಯ, ಓಝರ್‌ನ ಎಚ್‌ಎಎಲ್ ಘಟಕ, ದ್ರಾಕ್ಷಿ ತೋಟಗಳು, ಲಾಸಲ್‌ಗಾಂವ್ ಈರುಳ್ಳಿ ಮಾರುಕಟ್ಟೆ ಇವೆ. ಸಂಭಾಜಿನಗರದಲ್ಲಿ ವಾಳೂಜ್, ಚಿಕಲಠಾಣಾ, ಶೇಂದ್ರಾ-ಬಿಡಕೀನ್ ಕೈಗಾರಿಕಾ ಪ್ರದೇಶಗಳಿವೆ. ಹಾಗಾಗಿ ಒಂದು ಶ್ರೀಮಂತ, ಇನ್ನೊಂದು ಬಡ ಜಿಲ್ಲೆ ಎಂದು ಸರಳವಾಗಿ ಹೇಳಲಾಗದು.

ಮಳೆ ಇದೆ, ನೀರಿಲ್ಲ!

ಸಹ್ಯಾದ್ರಿಯ ನೆತ್ತಿಯಲ್ಲಿರುವ ಇಗತಪುರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಸಂಭಾಜಿನಗರದಲ್ಲಿ ಆಗುವುದು ಸುಮಾರು 700 ಮಿ.ಮೀ. ಮಾತ್ರ. 1916ರ ದಾರಣಾ ಅಣೆಕಟ್ಟು ಸೇರಿದಂತೆ ಮುಕಣೆ, ಭಾವಲಿ ಜಲಾಶಯಗಳು ಇಗತಪುರಿ ತಾಲೂಕಿನಲ್ಲಿವೆ. ಈ ಭಾಗದ ವೈತರಣಾ ನೀರು ಮುಂಬೈಗೆ ಹೋಗುತ್ತದೆ. ದಾರಣಾ ನದಿಯ ನೀರು ಗೋದಾವರಿ ಸೇರಿ ಪೈಠಣದ ಜಾಯಕವಾಡಿ ಜಲಾಶಯದತ್ತ ಹರಿಯುತ್ತದೆ.

ಇಷ್ಟೆಲ್ಲ ಇದ್ದರೂ ಬೇಸಿಗೆ ಬಂತೆಂದರೆ ಇಗತಪುರಿ, ತ್ರ್ಯಂಬಕೇಶ್ವರ ಭಾಗದ ಆದಿವಾಸಿ ಹಾಡಿಗಳಲ್ಲಿ ಮಹಿಳೆಯರು ಕೊಡ ಹೊತ್ತು ದೂರದಿಂದ ನೀರು ತರಬೇಕು. ಬಸಾಲ್ಟ್ ಬಂಡೆಯ ಇಳಿಜಾರು ನೆಲದಲ್ಲಿ ಮಳೆ ನೀರು ಇಂಗುವುದಕ್ಕಿಂತ ಹರಿದು ಹೋಗುವುದೇ ಹೆಚ್ಚು. ಜಲಾಶಯದ ನೀರು ಕೆಳಗಿನ ಊರುಗಳಿಗೆ ಕಾಲುವೆಯಲ್ಲಿ ಇಳಿಯುತ್ತದೆ. ಎತ್ತರದ ಹಾಡಿಗಳಿಗೆ ಅದನ್ನು ಪಂಪ್ ಮಾಡಿಯೇ ಏರಿಸಬೇಕು. ಜಿಲ್ಲೆಯ ಸರಾಸರಿ ಅಂಕಿಯಲ್ಲಿ ಈ ಕಷ್ಟ ಕಾಣುವುದೇ ಇಲ್ಲ.

ನೀರಿಗಾಗಿ ಕೋರ್ಟ್ ಮೆಟ್ಟಿಲು

ಜಾಯಕವಾಡಿ ಅಣೆಕಟ್ಟು 1976ರಲ್ಲಿ ಉದ್ಘಾಟನೆಯಾಯಿತು. ಇದರ ಸಾಮರ್ಥ್ಯ ಸುಮಾರು 102 ಟಿಎಂಸಿ. ಮಳೆ ಕೈಕೊಟ್ಟ ವರ್ಷ ಮೇಲಿನ ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳು ನೀರು ಬಿಡಬೇಕೋ ಬೇಡವೋ ಎಂಬ ಜಗಳ ಶುರುವಾಗುತ್ತದೆ. ಅಕ್ಟೋಬರ್ ಮಧ್ಯದ ವೇಳೆಗೆ ಜಾಯಕವಾಡಿಯಲ್ಲಿ ಶೇ. 65ರಷ್ಟು ನೀರು ಇಲ್ಲದಿದ್ದರೆ ಮೇಲಿನ ಜಲಾಶಯಗಳಿಂದ ಬಿಡಬೇಕು ಎಂಬ ಸೂತ್ರವನ್ನು ರಾಜ್ಯ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರ 2014ರಲ್ಲಿ ರೂಪಿಸಿತು. 2016ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಸಮಾನ ಹಂಚಿಕೆಯ ತತ್ವವನ್ನು ಎತ್ತಿ ಹಿಡಿಯಿತು. ಕಾವೇರಿ ವಿವಾದ ಕಂಡಿರುವ ಕನ್ನಡಿಗರಿಗೆ ಈ ಸಂಕಷ್ಟ ಸೂತ್ರದ ಚರ್ಚೆ ಹೊಸದೇನಲ್ಲ.

ಕರ್ನಾಟಕಕ್ಕೂ ಇದೆ ನಂಟು

ನಾಸಿಕ್ ಬ್ರಿಟಿಷರ ಬಾಂಬೆ ಪ್ರಾಂತ್ಯದಲ್ಲಿತ್ತು. ಥಳ್ ಘಾಟ್ ಏರಿದ ರೈಲು 1860ರ ದಶಕದಲ್ಲೇ ಇಗತಪುರಿ ತಲುಪಿತ್ತು. ಔರಂಗಾಬಾದ್ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಗೆ ರೈಲು ಬರಲು 1900ರ ಹೊತ್ತಾಯಿತು. ನಮ್ಮಲ್ಲಿ ಬೆಳಗಾವಿ, ಧಾರವಾಡ ಬಾಂಬೆ ಪ್ರಾಂತ್ಯದಲ್ಲಿದ್ದರೆ ಬೀದರ್, ಕಲಬುರಗಿ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ಹಾಗಾಗಿಯೇ ಸೆಪ್ಟೆಂಬರ್ 17 ಮರಾಠವಾಡದಲ್ಲೂ ಕಲ್ಯಾಣ ಕರ್ನಾಟಕದಲ್ಲೂ ವಿಮೋಚನೆಯ ದಿನ.

ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಮಹಾರಾಷ್ಟ್ರದಲ್ಲಿ ಸಂವಿಧಾನದ 371(2) ವಿಧಿಯಡಿ 1994ರಲ್ಲಿ ಅಭಿವೃದ್ಧಿ ಮಂಡಳಿಗಳು ರಚನೆಯಾದವು. 2020ರ ಏಪ್ರಿಲ್‌ನಲ್ಲಿ ಅವುಗಳ ಅವಧಿ ಮುಗಿಯಿತು. ಕಲ್ಯಾಣ ಕರ್ನಾಟಕಕ್ಕೆ 98ನೇ ತಿದ್ದುಪಡಿಯ ಮೂಲಕ 371ಜೆ ವಿಶೇಷ ಸ್ಥಾನಮಾನ ಸಿಕ್ಕಿತು.

ಹೋಲಿಕೆಯ ವಿಧಾನದಲ್ಲಿ ಮಾತ್ರ ಕರ್ನಾಟಕದ್ದು ಗಮನಾರ್ಹ ಹೆಜ್ಜೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಜಿಲ್ಲೆಗಳ ಬದಲು ತಾಲೂಕುಗಳನ್ನೇ ಅಳತೆಗೆ ತೆಗೆದುಕೊಂಡಿತು. ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. ಮುಂದುವರಿದ ಜಿಲ್ಲೆಯೊಳಗಿನ ಬಡ ತಾಲೂಕು ಕಣ್ಣಿಗೆ ಬೀಳುವುದು ಹೀಗೆ ಅಳೆದಾಗಲೇ.

ಹೆದ್ದಾರಿ ಬಂತು, ಮುಂದೇನು?

701 ಕಿ.ಮೀ. ಉದ್ದದ ಮುಂಬೈ-ನಾಗ್ಪುರ ಸಮೃದ್ಧಿ ಮಹಾಮಾರ್ಗ ಈಗ ಇಗತಪುರಿಯನ್ನೂ ಸಂಭಾಜಿನಗರವನ್ನೂ ಬೆಸೆದಿದೆ. ಇಗತಪುರಿ-ಆಮಣೆ ನಡುವಿನ ಕೊನೆಯ 76 ಕಿ.ಮೀ. 2025ರ ಜೂನ್ 5ರಂದು ಸಂಚಾರಕ್ಕೆ ಮುಕ್ತವಾಯಿತು. ಇದರಿಂದ ಎರಡೂ ಜಿಲ್ಲೆಗಳ ಆದಾಯ ಏರಬಹುದು. ಆದರೆ ಹೆದ್ದಾರಿ ಪಕ್ಕದ ಗುಡ್ಡದ ಮೇಲಿರುವ ಹಾಡಿಗೆ ನಲ್ಲಿ ನೀರು ಬಂತೇ, ಅಲ್ಲಿನ ಹುಡುಗಿ ಶಾಲೆ ಮುಗಿಸಿದಳೇ ಎಂಬುದನ್ನು ತಲಾ ಆದಾಯ ತಿಳಿಸುವುದಿಲ್ಲ. 2027ರ ಜನಗಣತಿಯ ಅಂಕಿ-ಅಂಶಗಳು ಹೊರಬಂದಾಗ ಜಿಲ್ಲೆಯ ಸಾಲಿನ ಜೊತೆಗೆ ತಾಲೂಕಿನ ಸಾಲನ್ನೂ ನೋಡಿದರೆ ಉತ್ತರ ಸಿಗಲಿದೆ.