ಕಂಠ ಮತ್ತು ಡಬಲ್ ಬೇಸ್: ಶೀಲಾ ಜಾರ್ಡನ್ ಅವರ 1977ರ ಧ್ವನಿಮುದ್ರಿಕೆಯ ಹಿಂದುಮುಂದು

ಜಾಝ್ ಸಂಗೀತದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಧ್ವನಿಮುದ್ರಿಕೆಗಳನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಇದಕ್ಕೆ ಕಾರಣವಿಲ್ಲದಿಲ್ಲ. ಆಶುಸಂಗೀತವು ಹುಟ್ಟಿದ ಗಳಿಗೆಯಲ್ಲಿಯೇ ಅಳಿಯತಕ್ಕದ್ದು; ತಟ್ಟೆಯ ಮೇಲೆ ಉಳಿದದ್ದು ಮಾತ್ರ ಮುಂದಿನವರ ಕಿವಿಗೆ ಬೀಳುತ್ತದೆ. ಆದರೆ ಶಾಸನ ಸಿಕ್ಕಿದ ಊರುಗಳಲ್ಲಿ ಮಾತ್ರ ಜನ ವಾಸವಾಗಿದ್ದರೆಂದು ತೀರ್ಮಾನಿಸುವುದು ಎಂಥ ತಪ್ಪೋ, ಮುದ್ರಿಕೆಯ ದಿನಾಂಕವನ್ನೇ ಒಂದು ಸಂಗೀತರೂಪದ ಹುಟ್ಟಿದ ದಿನವೆಂದು ಎಣಿಸುವುದೂ ಅಂಥದೇ ತಪ್ಪು. ಈ ಮಾತಿಗೆ ನಿದರ್ಶನವಾಗಿ ನಾವು ಇಲ್ಲಿ ಒಂದು ಮುದ್ರಿಕೆಯನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಅಮೆರಿಕದ ಗಾಯಕಿ ಶೀಲಾ ಜಾರ್ಡನ್ ಮತ್ತು ನಾರ್ವೆಯ ವಾದಕ ಆರಿಲ್ಡ್ ಆಂಡರ್ಸನ್ 1977ರ ಆಗಸ್ಟ್ ತಿಂಗಳಲ್ಲಿ ಕೋಪನ್‌ಹೇಗನ್ನಿನ ಸ್ಟೀಪಲ್‌ಚೇಸ್ ಸಂಸ್ಥೆಗಾಗಿ ಮುದ್ರಿಸಿದ 'ಶೀಲಾ' ಎಂಬುದೇ ಅದು. ಅದರಲ್ಲಿ ಒಂದು ಕಂಠ, ಒಂದು ಡಬಲ್ ಬೇಸ್. ಮೂರನೆಯದಾಗಿ ಏನೂ ಇಲ್ಲ.

ಈ ಜೋಡಣೆಯಲ್ಲಿ ಸಾಹಸವೇನು ಎಂಬುದನ್ನು ಮೊದಲು ತಿಳಿಯಬೇಕು. ಡಬಲ್ ಬೇಸ್ ಪಿಟೀಲಿನ ಬಳಗಕ್ಕೆ ಸೇರಿದ, ಆಳೆತ್ತರದ ವಾದ್ಯ. ಅದರ ನಾಲ್ಕು ತಂತಿಗಳನ್ನು ಒಂದರಿಂದ ಒಂದಕ್ಕೆ ಷಡ್ಜ-ಮಧ್ಯಮದ ಅಂತರವಿರುವಂತೆ ಶ್ರುತಿಮಾಡುತ್ತಾರೆ. ಅತಿ ಕೆಳಗಿನ ತಂತಿಯು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಹೆಣ್ಣಿನ ಕಂಠ ಇದಕ್ಕಿಂತ ಎರಡು ಮೂರು ಸ್ಥಾಯಿಗಳಷ್ಟು ಮೇಲೆ ಸಂಚರಿಸುತ್ತದೆ. ಸಾಮಾನ್ಯವಾದ ಜಾಝ್ ಮೇಳದಲ್ಲಿ ಈ ನಡುವಣ ಬಯಲನ್ನು ಪಿಯಾನೋ ಅಥವಾ ಗಿಟಾರು ತನ್ನ ಸ್ವರಗುಚ್ಛಗಳಿಂದ ತುಂಬುತ್ತದೆ. ಲಯದ ಭಾರವನ್ನು ಡ್ರಮ್ಮು ಹೊರುತ್ತದೆ. ಇವೆರಡನ್ನೂ ತೆಗೆದುಹಾಕಿದರೆ ಸ್ವರಗುಚ್ಛವು ಇಡಿಯಾಗಿ ಕೇಳಿಸುವುದು ಅಪರೂಪವಾಗುತ್ತದೆ. ಮೇಲಿನ ಒಂದು ಎಳೆ, ಕೆಳಗಿನ ಒಂದು ಎಳೆ, ಇವೆರಡರಿಂದ ನಡುವಿನದನ್ನು ಕೇಳುಗನು ತಾನೇ ಊಹಿಸಿಕೊಳ್ಳಬೇಕು. ಗಾಯಕಿಯ ಸ್ವರ ಕೂದಲೆಳೆಯಷ್ಟು ಜಾರಿದರೂ ಮರೆಮಾಚುವವರಿಲ್ಲ.

ತಂಬೂರಿಯೊಡನೆ ಹಾಡುವುದನ್ನು ಕೇಳಿ ಬೆಳೆದ ನಮ್ಮಂಥವರಿಗೆ ಇದರಲ್ಲಿ ಹೊಸದೇನೂ ಇಲ್ಲವೆಂದು ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ತಂಬೂರಿ ಷಡ್ಜ-ಪಂಚಮಗಳಲ್ಲಿ ನೆಲೆನಿಂತು, ಗಾಯಕ ಎಷ್ಟು ದೂರ ಹೋದರೂ ಹಿಂದಿರುಗಲು ಒಂದು ಮನೆಯನ್ನು ಕಾದಿರಿಸುತ್ತದೆ. ಬೇಸ್ ಹಾಗಲ್ಲ, ಅದೂ ನಡೆಯುತ್ತಿರುತ್ತದೆ. ಗಾಯಕಿ ಹಿಡಿದ ಸ್ವರ ಒಂದೇ ಆಗಿದ್ದರೂ ಕೆಳಗಿನ ಸ್ವರ ಬದಲಾದೊಡನೆ ಅದರ ಅರ್ಥವೇ ಬೇರೆಯಾಗುತ್ತದೆ. ಇಬ್ಬರೂ ಮನೋಧರ್ಮದಿಂದಲೇ ಸಾಗುವಾಗ ಯಾರು ಯಾರಿಗೆ ಪಕ್ಕವಾದ್ಯ ಎಂಬ ಪ್ರಶ್ನೆಗೆ ಖಚಿತವಾದ ಉತ್ತರವಿಲ್ಲ.

ಶೀಲಾ ಜಾರ್ಡನ್ ಹುಟ್ಟಿದ್ದು 1928ರಲ್ಲಿ ಡೆಟ್ರಾಯಿಟ್ ನಗರದಲ್ಲಿ. ಬಾಲ್ಯವನ್ನು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಅಜ್ಜ-ಅಜ್ಜಿಯರ ಬಡತನದ ಮನೆಯಲ್ಲಿ ಕಳೆದು, ಮತ್ತೆ ಡೆಟ್ರಾಯಿಟಿಗೆ ಬಂದಾಗ, ಚಾರ್ಲಿ ಪಾರ್ಕರ್ ಅವರ ಸ್ಯಾಕ್ಸೊಫೋನ್ ವಾದನವನ್ನು ಜೂಕ್‌ಬಾಕ್ಸಿನಲ್ಲಿ ಕೇಳಿ ತಮ್ಮ ದಾರಿಯನ್ನು ಕಂಡುಕೊಂಡರು. ಕಪ್ಪು ಜನಾಂಗದ ಗೆಳೆಯರ ಜೊತೆಗೂಡಿ ಹಾಡುತ್ತಿದ್ದ ಈ ಬಿಳಿಯ ಹುಡುಗಿಯನ್ನು ಆ ಊರಿನ ಪೊಲೀಸರು ಪದೇ ಪದೇ ತಡೆದು ಪೀಡಿಸುತ್ತಿದ್ದರು. 1950ರ ದಶಕದ ಆರಂಭದಲ್ಲಿ ಅವರು ನ್ಯೂಯಾರ್ಕಿಗೆ ಬಂದು ಲೆನ್ನಿ ಟ್ರಿಸ್ಟಾನೋ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ಗಮನಿಸತಕ್ಕ ಸಂಗತಿಯೆಂದರೆ, ಅವರು ಅನುಸರಿಸಿದ್ದು ಗಾಯಕರನ್ನಲ್ಲ, ವಾದಕರನ್ನು.

1962ನೆಯ ಇಸವಿ ನಮ್ಮ ವಿಷಯಕ್ಕೆ ಮುಖ್ಯವಾದದ್ದು. ಸಂಗೀತಶಾಸ್ತ್ರಜ್ಞರೂ ರಚನಕಾರರೂ ಆದ ಜಾರ್ಜ್ ರಸೆಲ್ ಶೀಲಾ ಅವರೊಡನೆ ಪೆನ್ಸಿಲ್ವೇನಿಯಾದ ಗಣಿಯೂರಿಗೆ ಹೋಗಿದ್ದರು. ಅಲ್ಲಿನವರ ಬಾಯಲ್ಲಿದ್ದ 'ಯು ಆರ್ ಮೈ ಸನ್‌ಶೈನ್' ಎಂಬ ಜನಪ್ರಿಯ ಗೀತವನ್ನು ಅವರು ಹೊಸದಾಗಿ ಸಂಯೋಜಿಸಿ, 'ದಿ ಔಟರ್ ವ್ಯೂ' ಎಂಬ ಮುದ್ರಿಕೆಯಲ್ಲಿ ಶೀಲಾ ಅವರಿಂದ ಹಾಡಿಸಿದರು. ಅದರಲ್ಲಿ ವಾದ್ಯಗಳೆಲ್ಲ ಸುಮ್ಮನಾಗಿ ಕಂಠ ಒಂದೇ ಉಳಿಯುವ ಭಾಗವಿದೆ. ಗಣಿಯ ಕತ್ತಲೆಯನ್ನು ನೆನೆಯದೆ ಅದನ್ನು ಕೇಳುವುದು ನಮಗಂತೂ ಸಾಧ್ಯವಾಗಿಲ್ಲ. ಆ ಮೇಳದಲ್ಲಿ ಬೇಸ್ ನುಡಿಸಿದವರು ಸ್ಟೀವ್ ಸ್ವಾಲೋ. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಬ್ಲೂ ನೋಟ್ ಸಂಸ್ಥೆಗಾಗಿ ಶೀಲಾ ಮುದ್ರಿಸಿದ 'ಪೋರ್ಟ್ರೇಟ್ ಆಫ್ ಶೀಲಾ' ಎಂಬ ಮೊದಲ ಸ್ವಂತ ಮುದ್ರಿಕೆಯಲ್ಲಿಯೂ ಅವರೇ ಇದ್ದರು. ಈ ಮುದ್ರಿಕೆಯಲ್ಲಿ ಗಿಟಾರು ಮತ್ತು ಡ್ರಮ್ಮು ಇದ್ದರೂ ಪಿಯಾನೋ ಇಲ್ಲ. 'ಡ್ಯಾಟ್ ಡೇರ್' ಎಂಬ ಹಾಡಿನಲ್ಲಂತೂ ಗಿಟಾರು ಡ್ರಮ್ಮುಗಳೂ ದೂರ ಸರಿದು, ಸ್ವಾಲೋ ಅವರ ಬೇಸ್ ಮಾತ್ರ ಜೊತೆಗಿದೆ. ಬಾಬಿ ಟಿಮ್ಮನ್ಸ್ ಅವರ ಮಟ್ಟಿಗೆ ಆಸ್ಕರ್ ಬ್ರೌನ್ ಜೂನಿಯರ್ ಮಾತು ಜೋಡಿಸಿದ ಈ ಹಾಡಿನ ವಸ್ತು, ಕಂಡಕಂಡದ್ದನ್ನೆಲ್ಲ ಕೇಳುತ್ತ ಹೆತ್ತವರನ್ನು ಕಾಡುವ ಮಗುವಿನ ಪ್ರಶ್ನೆಗಳು. ಪುಟ್ಟ ಮಗಳನ್ನು ಒಂಟಿಯಾಗಿ ಸಾಕುತ್ತಿದ್ದ ಗಾಯಕಿಗೆ ಇದು ದೂರದ ವಸ್ತುವಾಗಿರಲಿಲ್ಲ. 1977ರ ಬೀಜ ಇಲ್ಲಿಯೇ ಇದೆ.

ಮುಂದಿನ ಸ್ವಂತ ಮುದ್ರಿಕೆ 'ಕನ್‌ಫರ್ಮೇಷನ್' ಹೊರಬಂದದ್ದು 1975ರಲ್ಲಿ, ಅದೂ ಜಪಾನಿನ ಸಂಸ್ಥೆಯೊಂದರಿಂದ. ಪಟ್ಟಿಗಳನ್ನು ಮಾತ್ರ ನೋಡುವವರಿಗೆ ನಡುವಣ ಹದಿಮೂರು ವರ್ಷ ಬರಿಯ ಶೂನ್ಯ. ವಾಸ್ತವವಾಗಿ ಶೀಲಾ ಹಗಲಿನಲ್ಲಿ ಜಾಹೀರಾತು ಕಚೇರಿಯೊಂದರಲ್ಲಿ ಬೆರಳಚ್ಚು ಕೆಲಸ ಮಾಡಿ, ಅವಕಾಶ ದೊರೆತ ರಾತ್ರಿಗಳಲ್ಲಿ ಹಾಡುತ್ತಿದ್ದರು. ಆ ಕೆಲಸ ಅವರನ್ನು ಬಿಟ್ಟದ್ದು 1987ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ. ಇಬ್ಬರೇ ನಡೆಸುವ ಕಛೇರಿಗೆ ಖರ್ಚು ಕಡಿಮೆ, ಆದುದರಿಂದ ಈ ರೂಪ ಹುಟ್ಟಿತು ಎಂದು ಯಾರಾದರೂ ವಾದಿಸಿಯಾರು. ನಮಗೆ ಇದು ಒಪ್ಪಿತವಾಗಿ ತೋರುವುದಿಲ್ಲ. 1962ರಲ್ಲಿ ಗಿಟಾರು, ಡ್ರಮ್ಮು ಎರಡೂ ಅದೇ ಮುದ್ರಣಕ್ಕೆ ಒದಗಿದ್ದುವು. ಆದರೂ ಆ ಒಂದು ಹಾಡಿಗೆ ಅವುಗಳನ್ನು ಬೇಡವೆಂದಿದ್ದಾರೆ. ಇದು ಅಭಾವದ ಫಲವಲ್ಲ, ಆಯ್ಕೆ.

1945ರಲ್ಲಿ ಹುಟ್ಟಿದ ಆಂಡರ್ಸನ್ 1967ರಿಂದ 1973ರ ವರೆಗೆ ಯಾನ್ ಗಾರ್ಬರೆಕ್ ಅವರ ಮೇಳದಲ್ಲಿ ನುಡಿಸಿದ್ದರು. ನಾಲ್ಕು ಪೆಟ್ಟುಗಳನ್ನು ಒಂದೇ ಸಮನೆ ಎಣಿಸುತ್ತ ಹೋಗುವ ಹಳೆಯ ಕರ್ತವ್ಯದಿಂದ ಬೇಸನ್ನು ಬಿಡಿಸಿದ ತಲೆಮಾರಿಗೆ ಸೇರಿದವರು ಅವರು. ಇಂಥ ವಾದಕ ಸಿಕ್ಕಿದ ಮೇಲೆ, ಒಂದು ಹಾಡಿನಲ್ಲಿ ಕಂಡಿದ್ದ ಯೋಚನೆಯನ್ನು ಇಡೀ ಮುದ್ರಿಕೆಗೆ ಹಬ್ಬಿಸುವುದು ಸಾಧ್ಯವಾಯಿತು.

ಪ್ರಯೋಗವೆಂದರೆ ಸಾಹಿತ್ಯವನ್ನು ತೊರೆದು ಉಸಿರು, ಕೂಗು, ಪಿಸುಮಾತುಗಳನ್ನೇ ಹಾಡುವುದು ಎಂಬ ಎಣಿಕೆಯೊಂದು ವಿಮರ್ಶಕರಲ್ಲಿದೆ. ಆ ಮಾರ್ಗಕ್ಕೂ ಇದೇ ಜೋಡಣೆಯಲ್ಲಿ ಒಳ್ಳೆಯ ಉದಾಹರಣೆಯಿದೆ: ಫ್ರಾನ್ಸಿನ ಬೇಸ್ ವಾದಕಿ ಜೊಯೆಲ್ ಲಿಯಾಂಡ್ರ್ ಮತ್ತು ಗಾಯಕಿ ಲಾರೆನ್ ನ್ಯೂಟನ್ ಅವರ '18 ಕಲರ್ಸ್', 1997ರಲ್ಲಿ ಲಿಯೋ ಸಂಸ್ಥೆಯಿಂದ ಹೊರಬಂದದ್ದು. ಅಲ್ಲಿ ಪೂರ್ವರಚಿತ ಗೀತದ ಆಸರೆಯೇ ಇಲ್ಲ. ಆದರೆ ಅದನ್ನು ಮೇಲಿಟ್ಟು ಶೀಲಾ ಅವರನ್ನು ಸಂಪ್ರದಾಯಸ್ಥರ ಸಾಲಿಗೆ ತಳ್ಳುವುದು ನ್ಯಾಯವಲ್ಲ. ಪರಿಚಿತವಾದ ಗೀತವನ್ನೂ ಅರ್ಥವುಳ್ಳ ಮಾತನ್ನೂ ಇರಿಸಿಕೊಂಡು, ಅವುಗಳ ಸುತ್ತಣ ಗೋಡೆಗಳನ್ನು ಮಾತ್ರ ಕೆಡವುವುದೂ ಪ್ರಯೋಗವೇ. ಹೇಗೆ ಹಾಡಬೇಕೆಂಬುದು ಕೇಳುಗನಿಗೆ ಮೊದಲೇ ಗೊತ್ತಿರುವುದರಿಂದ ಇಲ್ಲಿ ಅಪಾಯ ಹೆಚ್ಚೆಂದೇ ಹೇಳಬೇಕು. ವೇದಿಕೆಯ ಮೇಲೆ ಸ್ವರವನ್ನಷ್ಟೇ ಅಲ್ಲದೆ ಮಾತನ್ನೂ ಆಶುವಾಗಿ ಕಟ್ಟಿ, ತಮ್ಮ ಜೀವನಕಥೆಯನ್ನೇ ಹಾಡುವುದು ಅವರಿಗೆ ವಾಡಿಕೆಯಾಗಿತ್ತು.

ಆಂಡರ್ಸನ್ ಅವರ ಬಳಿಕ ಶೀಲಾ ಈ ಜೋಡಣೆಯನ್ನು ಹಾರ್ವಿ ಸ್ವಾರ್ಟ್ಸ್ ಅವರೊಡನೆ 1980ರ ದಶಕದಲ್ಲಿಯೂ, ಅನಂತರ ಕ್ಯಾಮೆರಾನ್ ಬ್ರೌನ್ ಅವರೊಡನೆಯೂ ಮುಂದುವರಿಸಿದರು. ಬ್ರೌನ್ ಅವರೊಡನೆ ಮಾಡಿದ ಮುದ್ರಿಕೆ 2000ದಲ್ಲಿ ಪ್ರಕಟವಾಯಿತು. 1978ರಿಂದ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಅವರು ಗಾಯನವನ್ನು ಬೋಧಿಸಿದ್ದರಿಂದ ಈ ವಿದ್ಯೆ ಶಿಷ್ಯರಿಗೂ ದಾಟಿತು. 2012ರಲ್ಲಿ ಅವರ ದೇಶ ಜಾಝ್ ಕಲಾವಿದರಿಗೆ ಕೊಡುವ ಅತ್ಯುನ್ನತ ಗೌರವವನ್ನು ಪಡೆದರು. 2025ರ ಆಗಸ್ಟ್ 11ರಂದು, ತೊಂಬತ್ತಾರನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಅದೇ ವರ್ಷದ ಆರಂಭದಲ್ಲಿ ಹೊರಬಂದಿದ್ದ ಅವರ 'ಪೋರ್ಟ್ರೇಟ್ ನೌ' ಮುದ್ರಿಕೆಯಲ್ಲಿ ಒಂದು ಗಿಟಾರು, ಮತ್ತು ಸ್ವಾರ್ಟ್ಸ್ ಅವರ ಬೇಸ್ ಇವೆ. ಪಿಯಾನೋ ಇಲ್ಲ, ಡ್ರಮ್ಮೂ ಇಲ್ಲ.