ಗುಳಿಗೆಯಿಂದ ಸೂಟ್‌ಕೇಸಿಗೆ

ಎಂಡಿಎಂಎ ಎಂಬ ಮಾದಕವಸ್ತು ಹುಟ್ಟಿದ್ದು ಪಾರ್ಟಿಗಾಗಿ ಅಲ್ಲ. 1912ರಲ್ಲಿ ಜರ್ಮನಿಯ ಮರ್ಕ್ ಕಂಪನಿ ರಕ್ತಸ್ರಾವ ತಡೆಯುವ ಔಷಧ ಹುಡುಕುತ್ತಿದ್ದಾಗ, ನಡುವಿನ ಮೆಟ್ಟಿಲಾಗಿ ಅದನ್ನು ತಯಾರಿಸಿ ಮೂಲೆಗೆ ಸೇರಿಸಿತು. ಅದು ಪಶ್ಚಿಮದ ಕುಣಿತದ ಕ್ಲಬ್ಬುಗಳನ್ನು ಹೊಕ್ಕಿದ್ದು 1980ರ ದಶಕದಲ್ಲಿ.

ಬೆಂಗಳೂರಿಗೆ ಅದು ಬಂದ ಒಂದು ದಾರಿ ಅಂಚೆಯದು: ಡಾರ್ಕ್‌ವೆಬ್‌ನಲ್ಲಿ ಬಿಟ್‌ಕಾಯಿನ್ ತೆತ್ತು ಯುರೋಪಿನಿಂದ ತರಿಸಿದ ಬಣ್ಣದ ಗುಳಿಗೆಗಳು. 2020ರ ಆಗಸ್ಟಿನಲ್ಲಿ ಕಲ್ಯಾಣನಗರದಲ್ಲಿ ಕೇಂದ್ರದ ಮಾದಕವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿ ಹಿಡಿದದ್ದು ಅಂಥ 145 ಗುಳಿಗೆ. ಮರುತಿಂಗಳು ನಗರ ಪೊಲೀಸರ ಅಪರಾಧ ವಿಭಾಗವಾದ ಸಿಸಿಬಿಯ ತನಿಖೆ ಚಿತ್ರರಂಗದತ್ತ ಹೊರಳಿತು, ಟಿವಿಗಳಿಗೆ ಹಬ್ಬ.

ಕಾನೂನಿನ ತಕ್ಕಡಿ ಬಲು ಸೂಕ್ಷ್ಮ. ಗಾಂಜಾಕ್ಕೆ 20 ಕಿಲೋ ವಾಣಿಜ್ಯ ಪ್ರಮಾಣವಾದರೆ ಎಂಡಿಎಂಎಗೆ ಬರೀ 10 ಗ್ರಾಂ. ಆ ಪ್ರಮಾಣ ಮೀರಿದರೆ ಕನಿಷ್ಠ 10 ವರ್ಷ ಜೈಲು.

ಆದರೂ ಸಾಗಣೆ ಹಿಗ್ಗಿತು. 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು, ದೆಹಲಿಯಿಂದ ವಿಮಾನದಲ್ಲಿ ಬೆಂಗಳೂರಿಗೆ ಬಂದಿಳಿದಿದ್ದ ಇಬ್ಬರು ದಕ್ಷಿಣ ಆಫ್ರಿಕಾದ ಮಹಿಳೆಯರ ಬಳಿ ಸುಮಾರು 37 ಕಿಲೋ ಎಂಡಿಎಂಎ ವಶಪಡಿಸಿಕೊಂಡರು. ಅದರ ಬೆಲೆ ಸುಮಾರು 75 ಕೋಟಿ ರೂಪಾಯಿ ಎಂದು ಪೊಲೀಸರೇ ಅಂದಾಜಿಸಿದರು.